ಸಾವಿರದ ಮೂವತ್ತೊಂದು ಕಣ ಮೌನ

ಬಾಗಿಲಿನ ಮೇಲೆ ಸತ್ತವನ ಮುಖವಿತ್ತು.

ಮೊಮ್ಚಿಲ್ ಟೊನೆವ್, ಐವತ್ತೆಂಟು ವರ್ಷ, ಇಂದಿಗೆ ನಲವತ್ತು ದಿನ. ಕಪ್ಪು ಅಂಚಿನ ಕಾಗದ. ಸತ್ತವರ ಚೀಟಿಯನ್ನು ಅವರ ಮನೆಯ ಬಾಗಿಲಿಗೆ ಅಂಟಿಸುತ್ತಾರೆ, ಬೀದಿಯ ಮರಕ್ಕೆ ಅಂಟಿಸುತ್ತಾರೆ, ಕೆಲಸ ಮಾಡಿದ ಕಡೆ ಅಂಟಿಸುತ್ತಾರೆ. ಹನ್ನೊಂದು ವರ್ಷ ಹಗೆ ಸಾಧಿಸಿದವನ ಅಂಗಡಿ ಬಾಗಿಲಿಗೆ ಅಂಟಿಸಿದ್ದನ್ನು ರಾಯ್ನಾ ಕಲ್ಚೆವಾ ಪ್ಲೊವ್ದಿವ್‌ನಲ್ಲಿ ಎಂದೂ ಕಂಡಿರಲಿಲ್ಲ.

ಕಾಗದದ ಮೂಲೆಯನ್ನು ಮುಟ್ಟಿ ನೋಡಿದಳು. ಅಂಟು ಇನ್ನೂ ತೇವವಾಗಿತ್ತು.

"ಬಾಗಿಲು ತೆಗೆದೇ ಇದೆ," ಒಳಗಿನಿಂದ ದನಿ ಬಂತು. "ಪೊಲೀಸಿನೋರು ಹೊರಗೆ ಇಷ್ಟು ಹೊತ್ತು ನಿಂತ್ರೆ ಅಕ್ಕಪಕ್ಕದೋರು ನನ್ನ ಚೀಟೀನೂ ಅಚ್ಚು ಹಾಕ್ಸಿಬಿಡ್ತಾರೆ."

"ನಾನು ಪೊಲೀಸಲ್ಲ, ಮಾಂಚೆವ್ ಅವರೇ. ಕೋರ್ಟಿನ ಕಿವಿ."

"ಗೊತ್ತು. ಐವತ್ತೆರಡು ವರ್ಷದ ಕಿವಿ."

ಪ್ರೊಡಾನ್ ಮಾಂಚೆವ್ ತಲೆ ಎತ್ತಲಿಲ್ಲ. ಊರ ಮುದುಕರ ಕಿವಿಯಂತ್ರ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಮನುಷ್ಯ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹುರುಳಿಕಾಳಿನಷ್ಟು ದೊಡ್ಡ ಯಂತ್ರದ ಹೊಟ್ಟೆ ಬಗೆಯುತ್ತಿದ್ದ. ಮೇಜಿನ ಆ ಬದಿಯಲ್ಲಿ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಬೇಯಿಸಿದ ಗೋಧಿ, ಮೇಲೆ ಸಕ್ಕರೆ ಪುಡಿ. ಒಂದು ಬಟ್ಟಲು ಅವಳ ಕಡೆ ತಳ್ಳಿದ.

"ದೇವರು ಅವನನ್ನ ಕ್ಷಮಿಸಲಿ," ಎಂದು ರಾಯ್ನಾ ಒಂದು ಚಮಚ ತಿಂದಳು. ಸತ್ತವನ ಗೋಧಿಯನ್ನು ಬೇಡ ಅನ್ನುವಂತಿಲ್ಲ, ಕೊಟ್ಟವನ ಕೈ ಎಂಥದ್ದೇ ಆಗಿರಲಿ.

ಆ ಕೈಯೇ ಐದು ವಾರದ ಹಿಂದೆ ಪೊಲೀಸರಿಗೆ ಒಂದು ಮೂರು ನಿಮಿಷದ ಧ್ವನಿಮುದ್ರಣ ಕೊಟ್ಟಿತ್ತು. ಅದರಲ್ಲಿ ಮೊಮ್ಚಿಲ್‌ನ ಅಣ್ಣನ ಮಗಳು ಎಲಿತ್ಸಾ ಕಿರುಚುತ್ತಾಳೆ: 'ಮೆಟ್ಟಿಲಿಂದ ತಳ್ಳಿಬಿಡ್ತೀನಿ ನೋಡು'. ಮೊಮ್ಚಿಲ್ ಬೇಡ ಅನ್ನುತ್ತಾನೆ. ಬಾಗಿಲ ಗಂಟೆ ಅಲುಗುತ್ತದೆ. ಆಮೇಲೆ ಏನೋ ಭಾರವಾದದ್ದು ಉರುಳುತ್ತದೆ. ಮೊಮ್ಚಿಲ್ ಸತ್ತು ಬಿದ್ದಿದ್ದು ತನ್ನ ಮನೆಯ ಮೆಟ್ಟಿಲ ಬುಡದಲ್ಲೇ. ಇಪ್ಪತ್ಮೂರು ವರ್ಷದ ಎಲಿತ್ಸಾ ಅಂದಿನಿಂದ ಸೆರೆಯಲ್ಲಿದ್ದಾಳೆ; ಆ ದಿನ ಚಿಕ್ಕಪ್ಪನ ಮನೆಗೆ ಕಾಲೇ ಇಟ್ಟಿಲ್ಲ ಎನ್ನುತ್ತಿದ್ದಾಳೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನ್ಯಾಯಾಧೀಶರ ಮುಂದೆ ಆ ಮುದ್ರಣ ಸಾಚಾ ಹೌದೋ ಅಲ್ಲವೋ ಎಂದು ರಾಯ್ನಾ ಹೇಳಬೇಕು. ಸಾಚಾ ಎಂದರೆ ಹುಡುಗಿಯ ಮೇಲೆ ಕೊಲೆಯ ಆರೋಪ ನಿಲ್ಲುತ್ತದೆ.

"ಚೀಟಿ ಯಾರು ಅಂಟಿಸಿದ್ದು?" ರಾಯ್ನಾ ಕೇಳಿದಳು.

"ನಾನೇ."

"ಹನ್ನೊಂದು ವರ್ಷ ಜಗಳ ಆಡಿದವನಿಗೆ?"

"ಜಗಳಕ್ಕೂ ಒಬ್ಬ ಜೊತೆಗಾರ ಬೇಕಲ್ಲಮ್ಮ. ಈಗ ಯಾರ ಹತ್ರ ಆಡ್ಲಿ?"

ಮಾತು ಚೆನ್ನಾಗಿತ್ತು. ಚೆನ್ನಾಗಿರುವ ಮಾತನ್ನು ರಾಯ್ನಾ ನಂಬುತ್ತಿರಲಿಲ್ಲ.

ಜಗಳ 'ಚಾನ್'ನದು. ದನಿಯನ್ನು ಹಿಂಡಿ ಚಿಕ್ಕ ಫೈಲು ಮಾಡುವ ಎನ್‌ಕೋಡರ್ ಅದು. ಕುರಿಯ ಕೊರಳ ಗಂಟೆಯ ಹೆಸರು ಇಟ್ಟಿದ್ದರು. ಅದರ ಕಂಪ್ಯೂಟರ್ ಕೋಡು ಊರ ಬಾವಿಯ ಹಾಗೆ, ಯಾರು ಬೇಕಾದರೂ ಸೇದಬಹುದು. ಪ್ರೊಡಾನ್ ಮತ್ತು ಅವನ ನಾಲ್ಕು ಜನ ವರ್ಷಕ್ಕೊಮ್ಮೆ ಅಧಿಕೃತ ಆವೃತ್ತಿ ಹೊರಡಿಸುತ್ತಿದ್ದರು. ಕೋರ್ಟು, ರೇಡಿಯೋ, ಗ್ರಂಥಾಲಯಗಳು ನಂಬುವುದು ಅದನ್ನೇ. ಮೊಮ್ಚಿಲ್ ಅದೇ ಕೋಡನ್ನು ಒಯ್ದು, ತನ್ನ ಕಿವಿಗೆ ಒಪ್ಪುವಂತೆ ತಿದ್ದಿ, ಬಳಗದ ಆವೃತ್ತಿ ಎಂದು ಅಂತರ್ಜಾಲದ ಹರಟೆಕಟ್ಟೆಯಲ್ಲಿ ಹಂಚುತ್ತಿದ್ದ. ಒಂದೇ ಹಿಟ್ಟು, ಎರಡು ಕೈ. ಕಟ್ಟೆಯ ಜನ ಎರಡು ಊರಾಗಿ ಒಡೆದಿದ್ದರು.

"ನಿಮ್ಮ ಹೇಳಿಕೆ ಇನ್ನೊಂದ್ಸಲ ಓದ್ತೀನಿ," ರಾಯ್ನಾ ಕಾಗದ ತೆಗೆದಳು. "'ಮೊಮ್ಚಿಲ್ ಸತ್ತ ದಿನ ಸಂಜೆ ಅವನ ವಿಳಾಸದಿಂದ ಈ ಫೈಲು ಬಂತು. ಅದು ನಮ್ಮ ಅಧಿಕೃತ ಆವೃತ್ತಿಯಲ್ಲೇ ಆಗಿದೆ. ಬಳಗದ ಆವೃತ್ತಿಯನ್ನು ನಾನು ಇದುವರೆಗೆ ಇಳಿಸಿಕೊಂಡೂ ಇಲ್ಲ, ಕೇಳಿಯೂ ಇಲ್ಲ.' ಇದು ನಿಮ್ಮ ಮಾತೇ ತಾನೆ?"

ಪ್ರೊಡಾನ್ ಆ ನಾಡಿನ ರೂಢಿಯಂತೆ ಅಡ್ಡಡ್ಡ ತಲೆಯಾಡಿಸಿ ಹೌದೆಂದ. "ಫೈಲಿನ ಹಣೆಪಟ್ಟಿ ಮೇಲೇ ಬರೆದಿದೆ. ಅಧಿಕೃತ, ನಾಲ್ಕು ಎರಡು."

"ಹಣೆಪಟ್ಟಿ ಯಾರು ಬೇಕಾದ್ರೂ ಅಳಿಸಿ ಬರೀಬಹುದು."

"ಬರೀಬಹುದು."

"ಮೌನಾನ ಯಾರೂ ಅಳಿಸಿ ಬರೆಯೋಲ್ಲ. ಅದು ಅಲ್ಲಿದೆ ಅಂತ ನೆನಪೇ ಇರಲ್ಲ."

ಭೂತಗನ್ನಡಿ ಮೆಲ್ಲಗೆ ಕೆಳಗಿಳಿಯಿತು.

ಏಳು ಸಮುದ್ರದ ಆಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಹಾಗೆ, ಪ್ರತಿ ಎನ್‌ಕೋಡರಿನ ಗುಟ್ಟೂ ಒಂದು ಕಡೆ ಅಡಗಿರುತ್ತದೆ. ಫೈಲಿನ ತಲೆಯಲ್ಲಿ ಅದು ಕೂದಲೆಳೆಯಷ್ಟು ಮೌನ ಸೇರಿಸುತ್ತದೆ, ದನಿ ಶುರುವಾಗುವ ಮೊದಲು. ಆ ಮೌನವನ್ನು ಕಣ ಕಣವಾಗಿ ಎಣಿಸಬಹುದು. ಅಧಿಕೃತ ಆವೃತ್ತಿಯಲ್ಲಿ ಯಾವತ್ತಿದ್ದರೂ ಐನೂರ ಎಪ್ಪತ್ತಾರು ಕಣ. ಮೊಮ್ಚಿಲ್‌ನ ಆವೃತ್ತಿಗಳಲ್ಲಿ ಸಾವಿರದ ಮೇಲೆ ಆವೃತ್ತಿಯ ಸಂಖ್ಯೆ: ಹತ್ತನೆಯದರಲ್ಲಿ ಸಾವಿರದ ಹತ್ತು, ಇಪ್ಪತ್ತನೆಯದರಲ್ಲಿ ಸಾವಿರದ ಇಪ್ಪತ್ತು. ಕಮ್ಮಾರ ಕುಡುಗೋಲಿನ ಮೇಲೆ ತನ್ನ ಗುರುತು ಒತ್ತಿದ ಹಾಗೆ.

"ಈ ಫೈಲಿನ ತಲೇಲಿ ಸಾವಿರದ ಮೂವತ್ತೊಂದು ಕಣ ಇದೆ," ರಾಯ್ನಾ ಹೇಳಿದಳು.

"ಮೂವತ್ತೊಂದಾ?" ಪ್ರೊಡಾನ್ ಕೈಯಲ್ಲಿದ್ದ ಯಂತ್ರ ಕೆಳಗಿಟ್ಟ. "ಮೂವತ್ತೊಂದು ಹೊರಗೇ ಬಂದಿಲ್ವಲ್ಲ. ಕಟ್ಟೇಲಿ ಇರೋದು ಮೂವತ್ತರ ತನಕ."

"ಕಟ್ಟೆ ನೋಡದೋರಿಗೆ ಲೆಕ್ಕ ಚೆನ್ನಾಗಿ ಗೊತ್ತಿದೆ."

ಅವನು ಚಮಚದಿಂದ ಗೋಧಿ ಕೆದಕಿದ.

"ಮೂವತ್ತೊಂದು ಇದ್ದದ್ದು ಅವನ ಕಂಪ್ಯೂಟರಲ್ಲಿ ಮಾತ್ರ," ಅವಳು ಮುಂದುವರಿಸಿದಳು. "ಅವನು ಸತ್ತ ದಿನದಿಂದ ಆ ಕಂಪ್ಯೂಟರ್ ಇಲ್ಲ. ಅವನ ಬಾಗಿಲಿಗೆ ಕಟ್ಟಿದ್ದ ಮೇಕೆಗಂಟೇನೂ ಇಲ್ಲ, ಬರೀ ಮೊಳೆ ಇದೆ. ಇನ್ನೊಂದು ಹೇಳ್ತೀನಿ ಕೇಳಿ. ನಿಮ್ಮ ಅಧಿಕೃತ ಆವೃತ್ತಿ ಹದಿನಾರು ಸಾವಿರ ಹರ್ಟ್ಸ್ ಮೇಲಿನ ಎತ್ತರದ ಸ್ವರಾನೆಲ್ಲ ಕತ್ತರಿಸಿ ಬಿಸಾಕತ್ತೆ."

"ಅಲ್ಲಿ ಇರೋದು ಬರೀ ಗಾಳಿ. ಯಾರಿಗೆ ಬೇಕು?"

"ಮೊಮ್ಚಿಲ್‌ಗೆ ಬೇಕಿತ್ತು. ಅವನು ಹತ್ತೊಂಬತ್ತು ಸಾವಿರದ ತನಕ ಉಳಿಸ್ತಿದ್ದ. ಈ ಮುದ್ರಣದಲ್ಲಿ ಗಂಟೆಗೆ ಹತ್ತೊಂಬತ್ತರ ಎತ್ತರ ಇದೆ, ಮೊಮ್ಚಿಲ್ ದನಿಗೂ ಇದೆ. ಎಲಿತ್ಸಾ ಕಿರುಚಿದಾಗ ಮಾತ್ರ ಹದಿನಾರಕ್ಕೇ ತಲೆ ತಗಲತ್ತೆ. ಒಂದೇ ಕೋಣೆ, ಎರಡು ಸೂರು."

ಹೊರಗೆ ಓಣಿಯಲ್ಲಿ ಯಾರೋ ಹೆಂಗಸರು ನಗುತ್ತಾ ಹೋದರು. ಅಂಗಡಿಯೊಳಗೆ ನಗುವಿನ ಕೊನೆ ಮಾತ್ರ ಬಂತು.

"ಅವಳ ದನಿ ಬೇರೆ ಎಲ್ಲಿಂದಲೋ ಬಂದದ್ದು," ಪ್ರೊಡಾನ್ ನಿಧಾನವಾಗಿ ಹೇಳಿದ. "ಮೊದಲೇ ಒಂದ್ಸಲ ಅಧಿಕೃತದಲ್ಲಿ ಹಿಂಡಿಸಿಕೊಂಡದ್ದು."

"ಹುಡುಗಿ ಊರ ರೇಡಿಯೋದಲ್ಲಿ ನಾಟಕ ಮಾಡ್ತಾಳೆ. ನಾಟಕದಲ್ಲಿ ಬೈಯ್ಯೋದು, ಕಿರುಚೋದು ಇದ್ದೇ ಇರತ್ತೆ. ಅದನ್ನ ತಂದು, ಮೊಮ್ಚಿಲ್ ದನಿ ಪಕ್ಕ ಹೊಲಿದು, ಒಟ್ಟಿಗೆ ಮೂವತ್ತೊಂದರಲ್ಲಿ ಹಿಂಡಿ, ಕೋರ್ಟು ನಂಬಲಿ ಅಂತ ಹಣೆ ಮೇಲೆ ಅಧಿಕೃತ ಅಂತ ಬರೆದಿದಾರೆ. ಅದನ್ನ ತಂದುಕೊಟ್ಟದ್ದು ನೀವು."

"ಬಂದದ್ದನ್ನ ಕೊಟ್ಟೆ. ಮಾಡಿದ್ದು ನಾನಲ್ಲ. ನನಗೆ ಅವನ ಆವೃತ್ತಿಗೂ ನಮ್ಮದಕ್ಕೂ ವ್ಯತ್ಯಾಸ ಕೂಡ ಗೊತ್ತಾಗಲ್ಲ. ಯಾರಿಗೂ ಗೊತ್ತಾಗಲ್ಲ. ಅದೇ ನನ್ನ ವಾದ, ಹನ್ನೊಂದು ವರ್ಷದಿಂದ."

ರಾಯ್ನಾ ಕಾಯುತ್ತಿದ್ದ ಮಾತು ಅದೇ. ಚೀಲದಿಂದ ಲ್ಯಾಪ್‌ಟಾಪು, ಕಿವಿಗೆ ಹಾಕುವ ಹೆಡ್‌ಫೋನು ತೆಗೆದು ಗೋಧಿ ಬಟ್ಟಲುಗಳ ನಡುವೆ ಇಟ್ಟಳು.

ಕಟ್ಟೆಯಲ್ಲಿ ಒಂದು ಕಟ್ಟಳೆಯಿದೆ. ನನಗೆ ವ್ಯತ್ಯಾಸ ಕೇಳಿಸಿತು ಎಂದು ಯಾರೂ ಸುಮ್ಮನೆ ಬರೆಯುವಂತಿಲ್ಲ. ಕಣ್ಣು ಕಟ್ಟಿದಂಥ ಪರೀಕ್ಷೆಗೆ ಕೂರಬೇಕು: ಹದಿನಾರು ಸಲ ಕೇಳಿ ಇದು ಯಾವ ಆವೃತ್ತಿ ಎಂದು ಹೇಳಬೇಕು, ಯಾವುದು ಯಾವುದೆಂದು ಯಂತ್ರ ಮಾತ್ರ ಬಲ್ಲದು. ಹದಿನಾರಕ್ಕೆ ಹನ್ನೆರಡು ಬಂದರೆ ಬಾಯಿ ತೆರೆಯುವ ಹಕ್ಕು. ಇಲ್ಲದಿದ್ದರೆ ಬರೆದದ್ದನ್ನು ಅಳಿಸುತ್ತಾರೆ. ಆ ಕಟ್ಟಳೆ ಬರೆದವನೇ ಪ್ರೊಡಾನ್.

"ಇವು ನಿಮ್ಮೆಲ್ಲರ ಹಳೇ ಮೇಕೆಗಂಟೆಯ ತುಣುಕುಗಳು," ರಾಯ್ನಾ ಹೇಳಿದಳು. ಮೊಮ್ಚಿಲ್ ತನ್ನ ಬಾಗಿಲ ಗಂಟೆಯನ್ನು ಹನ್ನೊಂದು ವರ್ಷದ ಹಿಂದೆ ಒಮ್ಮೆ ಮುದ್ರಿಸಿಕೊಂಡಿದ್ದ. ಪ್ರತಿ ಹೊಸ ಆವೃತ್ತಿಯನ್ನೂ ಅದರ ಮೇಲೇ ಒರೆಹಚ್ಚುತ್ತಿದ್ದ. ಕಟ್ಟೆಯವರೆಲ್ಲ ಅದನ್ನೇ ಬಳಸುತ್ತಿದ್ದರು. "ಕೆಲವು ಅಧಿಕೃತ, ಉಳಿದದ್ದು ಬಳಗದ ಮೂವತ್ತು. ನನ್ನ ಜೊತೆ ಕೆಲಸ ಮಾಡೋ ಯವೋರ್ ಬೆಳಿಗ್ಗೆ ತಯಾರು ಮಾಡಿಕೊಟ್ಟ. ಕೂತ್ಕೊಳ್ಳಿ."

"ಬೇಡ."

"ಯಾಕೆ?"

"ನನಗೆ ಕೆಲಸ ಇದೆ."

"ಕಟ್ಟೇಲಿ ಹೋದ ವಾರ ಯಾರೋ ಬರೆದಿದ್ರು. ಮಾಂಚೆವ್ ಮುದುಕನಿಗೆ ಈಗ ಗಂಟೇನೂ ಒಂದೇ ಗಡಿಗೇನೂ ಒಂದೇ, ಅದಕ್ಕೇ ಊರ ಕಿವಿಯೆಲ್ಲ ಬಿಚ್ಚಿ ತನಗೆ ಹೊಂದೋದು ಹುಡುಕ್ತಾನೆ ಅಂತ."

ಪ್ರೊಡಾನ್ ಅವಳ ಮುಖ ನೋಡಿದ. ಎದ್ದು ಹೋಗಿ ಬೀದಿಯ ಬಾಗಿಲು ಮುಚ್ಚಿದ. ಗೋಡೆಗಡಿಯಾರವನ್ನು ಇಳಿಸಿ ದಿಂಬಿನಡಿ ಇಟ್ಟ. ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದ.

ಯವೋರ್ ಬೆಳಿಗ್ಗೆಯೇ ಹೇಳಿದ್ದ. 'ಆ ಮುದುಕ ಬೇಕಂತಲೇ ಎಂಟು ಸರಿ ಎಂಟು ತಪ್ಪು ಹೇಳ್ತಾನಕ್ಕ, ನೋಡ್ತಿರಿ.' ಯವೋರ್‌ಗೆ ಮೊದಲ ದಿನದಿಂದ ಪ್ರೊಡಾನ್ ಮೇಲೇ ಅನುಮಾನ. ಮೂವತ್ತೆಂಟು ವರ್ಷದ, ಮಾತು ಕಡಿಮೆಯ ಮನುಷ್ಯ. ಎರಡು ವರ್ಷದ ಹಿಂದೆ ರೇಡಿಯೋದ ಸಂಗ್ರಹ ವಿಭಾಗ ಬಿಟ್ಟು ಅವಳ ಪ್ರಯೋಗಾಲಯಕ್ಕೆ ಬಂದಿದ್ದ. ಇಂದು ಮಾರ್ಚ್ ತಿಂಗಳ ಮೊದಲ ದಿನವೆಂದು, ವಸಂತಕ್ಕೆ ಎಲ್ಲರೂ ಕಟ್ಟಿಕೊಳ್ಳುವ ಕೆಂಪು ಬಿಳಿ ರಕ್ಷೆಯ ದಾರವನ್ನು ತಾನೇ ಅವಳ ಮಣಿಕಟ್ಟಿಗೆ ಕಟ್ಟಿ, 'ಕೊಕ್ಕರೆ ಕಾಣೋ ತನಕ ಬಿಚ್ಚಬೇಡಿ' ಎಂದಿದ್ದ.

ಪ್ರೊಡಾನ್‌ನ ಬೆರಳು ಗುಂಡಿ ಒತ್ತುತ್ತಾ ಹೋಯಿತು. ಮೊದಲ ನಾಲ್ಕಕ್ಕೆ ಹಿಂದೆಮುಂದೆ ನೋಡಿತು. ಐದನೆಯದರಿಂದ ನೋಡಲಿಲ್ಲ. ಸೋಲಬೇಕೆಂದು ಕುಳಿತವನು ಹೇಗೆ ಕೂರುತ್ತಾನೆಂದು ರಾಯ್ನಾಗೆ ಗೊತ್ತು. ಇವನು ಬೇಟೆಗೆ ಕುಳಿತ ಬೆಕ್ಕಿನ ಹಾಗೆ ಕುಳಿತಿದ್ದ. ನಾಟಕ ಆಡಬೇಕೆಂಬುದು ಅವನಿಗೆ ಮರೆತೇ ಹೋಗಿತ್ತು.

ಹದಿನಾರಕ್ಕೆ ಹದಿನಾರು.

"ಗಡಿಗೆ ಅಂತೆ," ಎಂದ ಪ್ರೊಡಾನ್. ಅಂದ ಮೇಲೆ ತಾನೇನು ಮಾಡಿದೆ ಎಂಬುದು ಅವನ ಮುಖಕ್ಕೆ ಬಂತು.

"ವ್ಯತ್ಯಾಸ ಗೊತ್ತಾಗಲ್ಲ ಅಂದ್ರಿ."

ಅವನು ಹೆಡ್‌ಫೋನು ಕಿವಿಯಿಂದ ತೆಗೆದ.

"ಕೇಳಿಯೂ ಇಲ್ಲ ಅಂತ ಸಹಿ ಹಾಕಿದ್ರಿ. ನಾಳೆ ಇದನ್ನ ನ್ಯಾಯಾಧೀಶರಿಗೆ ಕೊಟ್ರೆ ಆ ಹುಡುಗಿ ಹೊರಗೆ ಬರ್ತಾಳೆ, ಅವಳಿದ್ದ ಕಡೆ ನೀವು ಹೋಗ್ತೀರಿ. ಅವನ ಮನೆಗೆ ಯಾವಾಗ ಹೋಗಿದ್ರಿ, ಹೇಳಿ."

"ಹೋಗಿಲ್ಲ." ಪ್ರೊಡಾನ್ ದನಿ ಸಣ್ಣಗಾಯಿತು. "ಎಲ್ಲ ಆವೃತ್ತಿ ಇಳಿಸಿಕೊಂಡಿದೀನಿ. ಮೂವತ್ತೂ. ಬೇರೆ ಹೆಸರಲ್ಲಿ."

"ಯಾಕೆ?"

"ಯಾಕೆ ಅಂದ್ರೆ ಅವನದ್ದು ಚೆನ್ನಾಗಿತ್ತಮ್ಮ." ಅವನು ಬಾಗಿಲ ಕಡೆ ನೋಡಿದ, ಕಾಗದದ ಬೆನ್ನು ಗಾಜಿನಲ್ಲಿ ಕಾಣುತ್ತಿತ್ತು. "ಗಂಟೆ ಬಡಿಯೋಕೆ ಮುಂಚೆ ನಮ್ಮದರಲ್ಲಿ ಒಂದು ಸರಸರ ಬರ್ತಿತ್ತು, ಕುದುರೆ ಬರೋಕೆ ಮುಂಚೆ ಧೂಳು ಬಂದ ಹಾಗೆ. ಅವನು ಅದನ್ನ ಒರೆಸಿದ. ಹೇಗೆ ಒರೆಸಿದ ಅಂತ ನೋಡಿ ನೋಡಿ ನಮ್ಮ ಆವೃತ್ತಿಗೆ ಹಾಕ್ದೆ. ಅವನ ಹೆಸರು ಹಾಕಲಿಲ್ಲ. ಹಗಲು ಕಟ್ಟೇಲಿ ಬೈತಿದ್ದೆ, ಆಮೇಲೆ ಮನೇಲಿ ಕೂತು ಕದೀತಿದ್ದೆ. ಇದನ್ನ ಪೊಲೀಸರಿಗೆ ಬರ್ಕೊಡಬೇಕಿತ್ತಾ?"

"ಕಳ್ಳತನ ಒಪ್ಪಿಕೊಂಡ್ರೆ ಕೊಲೆ ಮುಚ್ಚಿಹೋಗತ್ತೆ ಅಂತ ಲೆಕ್ಕಾನಾ?"

"ನಿಮಗೆ ಹೇಗೆ ಬೇಕೋ ಹಾಗೆ ತಿಳ್ಕೊಳ್ಳಿ." ಅವನು ಹೆಡ್‌ಫೋನನ್ನು ಮತ್ತೆ ಒಂದು ಕಿವಿಗೆ ಹಿಡಿದು ಕೊನೆಯ ತುಣುಕನ್ನು ಇನ್ನೊಮ್ಮೆ ಕೇಳಿದ. ಹುಬ್ಬು ಗಂಟಿಕ್ಕಿತು. "ಆದ್ರೆ ನೀವು ನನಗೆ ಯಾಕೆ ಸುಳ್ಳು ಹೇಳಿದ್ರಿ?"

"ನಾನಾ?"

"ಇದು ಮೂವತ್ತಲ್ಲ."

ರಾಯ್ನಾ ನಕ್ಕಳು. "ಸಿಕ್ಕಿಬಿದ್ದ ಮೇಲೆ ಹೊಸ ಆಟ."

"ಮೂವತ್ತರಲ್ಲಿ ಗಂಟೆ ಬಡಿದ ಮೇಲೆ ಉಳಿಯೋ ದನಿಯ ಬಾಲ ನೀರಲ್ಲಿ ಅದ್ದಿದ ಹಾಗೆ ಗುಳುಗುಳು ಅನ್ನತ್ತೆ. ನಾನು ಅದನ್ನ ಐನೂರು ಸಲ ಕೇಳಿದೀನಿ. ಅವನೇ ಸಾಯೋ ಹಿಂದಿನ ದಿನ ಕಟ್ಟೇಲಿ ಬರೆದಿದ್ದ, ಮೂವತ್ತೊಂದರಲ್ಲಿ ಬಾಲ ಒಣಗಿಸ್ತೀನಿ ಅಂತ." ಅವನು ಹೆಡ್‌ಫೋನನ್ನು ಮೇಜಿನ ಮೇಲಿಟ್ಟ, ಒಡೆದೀತೆಂಬಂತೆ. "ಇದರಲ್ಲಿ ಒಣಗಿದೆ."

"ಮುದ್ರಣದಲ್ಲಿ ಕೇಳಿಸ್ಕೊಂಡಿರ್ತೀರಿ."

"ಅಲ್ಲಿ ಗಂಟೆ ಮೇಲೆ ಆ ಉರುಳೋ ಸದ್ದು ಇದೆ. ಬಾಲ ಕೇಳಿಸೋದೇ ಇಲ್ಲ. ಎಣಿಸಿ ನೋಡಿ, ನಿಮ್ಮ ಮೌನ."

ಎಣಿಸಬೇಕಾದ ಅಗತ್ಯವಿಲ್ಲ ಎಂದು ರಾಯ್ನಾಗೆ ಅನ್ನಿಸಿತು. ಆದರೂ ತುಣುಕನ್ನು ತೆರೆದಳು. ಈ ಒಂದು ತಿಂಗಳಲ್ಲಿ ಊರವರ ಫೈಲುಗಳ ಮೌನವನ್ನೆಲ್ಲ ಎಣಿಸಿದ್ದಳು. ತನ್ನ ಪ್ರಯೋಗಾಲಯದಿಂದ ಬಂದದ್ದನ್ನು ಮಾತ್ರ ಎಣಿಸಿರಲಿಲ್ಲ. ದೀಪದ ಬುಡದಲ್ಲಿ ಯಾರು ಹುಡುಕುತ್ತಾರೆ?

ಪರದೆಯ ಮೇಲೆ ಗಂಟೆಯ ಮೊದಲ ಹೊಡೆತದ ಹಿಂದೆ ನೆಟ್ಟಗೆ ಮಲಗಿದ ಒಂದು ಗೆರೆ. ಅದರ ಅಳತೆ ಕೆಳಗೆ ಬಂತು.

ಸಾವಿರದ ಮೂವತ್ತೊಂದು.

ಬಳಗದ್ದೆಂದು ಕೊಟ್ಟಿದ್ದ ಇನ್ನೊಂದು ತುಣುಕು ತೆರೆದಳು. ಸಾವಿರದ ಮೂವತ್ತೊಂದು. ಮತ್ತೊಂದು. ಅದೇ.

ಮೂವತ್ತು ಹಾಕು ಎಂದು ಯವೋರ್‌ಗೆ ಅವಳೇ ಹೇಳಿದ್ದಳು. ತನ್ನ ಕಂಪ್ಯೂಟರಿನಲ್ಲಿ ಕೈಗೆ ಮೊದಲು ಸಿಕ್ಕಿದ್ದನ್ನು ಅವನು ಬಳಸಿದ್ದ. ಮೌನವನ್ನು ಎಣಿಸುವವಳಿಗೇ ತುಣುಕು ಕೊಡುತ್ತಿದ್ದೇನೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅಥವಾ ತನ್ನ ತುಣುಕನ್ನು ಅವಳು ಎಣಿಸುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

"ಯಾರು ಮಾಡಿಕೊಟ್ಟದ್ದು ಅಂದ್ರಿ?" ಪ್ರೊಡಾನ್ ಕೇಳಿದ.

ಆಗ ಅವಳ ಫೋನು ಮೇಜಿನ ಮೇಲೆ ಗಡಗಡ ಅಲುಗಿತು. ಪರದೆಯ ಮೇಲೆ ಯವೋರ್‌ನ ಹೆಸರು.

ರಾಯ್ನಾ ಪ್ರೊಡಾನ್‌ಗೆ ಕೈಸನ್ನೆಯಲ್ಲೇ ಸುಮ್ಮನಿರಲು ಹೇಳಿ, ಸ್ಪೀಕರ್ ಒತ್ತಿದಳು.

"ಅಕ್ಕ, ಮುಗೀತಾ?"

"ಮುಗೀತು."

"ಎಷ್ಟು ಬಂತು?"

ಹದಿನಾರಕ್ಕೆ ಎಷ್ಟು ಎಂದು ಕೇಳಲಿಲ್ಲ. ಎಷ್ಟು ಬಂತು ಎಂದಷ್ಟೇ ಕೇಳಿದ. ಯಾವಾಗಲೂ ಅವನು ಹಾಗೇ ಕೇಳುವುದು. ಆದರೆ ಈಗ ಅವನ ಪ್ರತಿ ಮಾತಿಗೂ ಎರಡು ಸೂರು ಕಾಣುತ್ತಿತ್ತು.

"ಎಂಟು," ಎಂದಳು ರಾಯ್ನಾ.

ಪ್ರೊಡಾನ್‌ನ ಗದ್ದ ಮೇಲೆದ್ದಿತು. ಅಂಥ ಹೊತ್ತಿನಲ್ಲೂ ಅವನಿಗೆ ಅವಮಾನವಾಗಿತ್ತು.

"ಹೇಳಿರಲಿಲ್ವಾ ನಾನು," ಆ ಕಡೆಯಿಂದ ಉಸಿರು ಬಿಟ್ಟ ಸದ್ದು. "ಎಂಟೇ ಬರತ್ತೆ ಅಂತ. ಪಕ್ಕಾ ಕಳ್ಳ. ಹಾಗಾದ್ರೆ ಆ ತುಣುಕುಗಳನ್ನ ಅಲ್ಲೇ ಅಳಿಸಿಬಿಡಿ ಅಕ್ಕ, ವರದಿಗೆ ಸೇರಿಸೋದು ಬೇಡ. ನಾಳೆ ವಕೀಲರು ಸುಮ್ನೆ ಕೆದಕ್ತಾರೆ."

"ಸರಿ. ನೀನೆಲ್ಲಿದೀಯ?"

"ಲ್ಯಾಬಲ್ಲೇ. ಮೂಲ ಮುದ್ರಣಕ್ಕೆ ಮೊಹರು ಹಾಕ್ತಿದೀನಿ. ಬೆಳಿಗ್ಗೆ ನಾನೇ ಕೋರ್ಟಿಗೆ ಒಯ್ತೀನಿ, ನೀವು ನೇರ ಅಲ್ಲಿಗೇ ಬನ್ನಿ."

ಪ್ರೊಡಾನ್ ಫೋನಿನ ಕಡೆ ಬಾಗಿದ್ದ, ಕಣ್ಣು ಮುಚ್ಚಿದ್ದ. ಪರೀಕ್ಷೆಗೆ ಕುಳಿತಾಗ ಇದ್ದ ಅದೇ ಮುಖ. ಕಣ್ಣು ತೆರೆದವನೇ ರಿಪೇರಿ ರಸೀದಿಯೊಂದನ್ನು ಎಳೆದುಕೊಂಡು ಅದರ ಬೆನ್ನ ಮೇಲೆ ಒಂದು ಪದ ಬರೆದು ಅವಳ ಮುಂದೆ ಹಿಡಿದ.

'ಗಂಟೆ.'

ರಾಯ್ನಾ ಕಿವಿಗೊಟ್ಟಳು. ಯವೋರ್‌ನ ಉಸಿರು ಕೇಳಿಸಿತು, ಕಾಗದದ ಸದ್ದು ಕೇಳಿಸಿತು. ಅಷ್ಟೇ. ಅವಳ ಕಿವಿಗೆ ಎತ್ತರದ ಸ್ವರ ಕೇಳಿಸುವುದು ನಿಂತು ನಾಲ್ಕು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಅವಳ ವೈದ್ಯರಿಗೆ, ಮತ್ತು ಯವೋರ್‌ಗೆ.

ಪ್ರೊಡಾನ್ ಇನ್ನೂ ಬರೆಯುತ್ತಿದ್ದ. 'ಅವನ ಬಾಗಿಲಿನದು. ಅದೇ. ಗಾಳಿಗೆ ಅಲುಗುತ್ತಿದೆ.'

ಕೆಲವೇ ನಿಮಿಷಗಳ ಹಿಂದೆ ಸುಳ್ಳುಗಾರನೆಂದು ಸಿಕ್ಕಿಬಿದ್ದ ಮನುಷ್ಯ. ಕೇಳಿಲ್ಲ ಎಂದು ಸಹಿ ಹಾಕಿ ಮೂವತ್ತೂ ಆವೃತ್ತಿ ಕದ್ದು ಕೇಳಿದವನು. ಹುಡುಗಿಯ ಜೀವ ಈಗ ಇವನ ಕಿವಿಯ ಮೇಲೆ ನಿಂತಿತ್ತು. ಇವನು ಕಟ್ಟು ಕಥೆ ಹೇಳುತ್ತಿದ್ದರೆ, ಎರಡು ವರ್ಷದಿಂದ ಜೊತೆಗಿದ್ದವನನ್ನು ಅವಳು ಬಲಿ ಕೊಡುತ್ತಿದ್ದಾಳೆ. ಇವನು ನಿಜ ಹೇಳುತ್ತಿದ್ದರೆ, ಎಲಿತ್ಸಾಳನ್ನು ಬಿಡಿಸಬಲ್ಲ ಒಂದೇ ಫೈಲು ಬೆಳಗಾಗುವವರೆಗೂ ಯವೋರ್‌ನ ಕೈಯಲ್ಲಿರುತ್ತದೆ.

ಅವಳು ದನಿಯನ್ನು ಸಹಜ ಮಾಡಿಕೊಂಡಳು. "ಯವೋರ್, ಕಿಟಕಿ ತೆಗೆದಿದೀಯಾ? ಏನೋ ಕಿಣಿಕಿಣಿ ಅಂದ ಹಾಗಾಯ್ತು."

ಆ ಕಡೆ ಒಂದು ಗಳಿಗೆ ಮೌನ. ಎಣಿಸಲು ಬಾರದಂಥ ಮೌನ.

"ಇಲ್ವಲ್ಲ ಅಕ್ಕ," ಎಂದ ಯವೋರ್. "ನಿಮಗೆ ಕೇಳಿಸ್ತಾ?"

ಪ್ರೊಡಾನ್ ಬರೆದ ಚೀಟಿಯನ್ನು ಅವಳ ಮಣಿಕಟ್ಟಿನ ಕೆಂಪು ಬಿಳಿ ದಾರದ ಪಕ್ಕಕ್ಕೆ ತಳ್ಳಿದ. ಕೊನೆಯ ಸಾಲು ಈಗಷ್ಟೇ ಬರೆದದ್ದು.

'ನಿಂತಿತು. ತಾನಾಗಿ ಅಲ್ಲ. ಯಾರೋ ಕೈಯಲ್ಲಿ ಹಿಡಿದರು.'